ದವಡೆ ನೋವೋ, ದವಡೆ ಹಲ್ಲಿನ ನೋವೋ?

ಹಲ್ಲುಗಳು ಊರಿಕೊಂಡಿರುವ ಎಲುಬೇ ದವಡೆ. ಮೇಲೊಂದು, ಕೆಳಗೊಂದು. ಅದರ ಹಿಂಬದಿಯಲ್ಲಿ ಆಹಾರ ಅಗಿಯಲು ಇರುವ ಅಗಲವಾದ ಹಲ್ಲುಗಳು ದವಡೆ ಹಲ್ಲುಗಳು. ಬುದ್ಧಿಹಲ್ಲು ನಾಲ್ಕೂ ಸೇರಿದರೆ ದೊಡ್ಡವರಿಗೆ ಒಟ್ಟು 12. ಆದರೆ ಮಾತಿನಲ್ಲಿ "ಹಲ್ಲು" ಬಿಟ್ಟುಹೋಗಿ "ದವಡೆ ನೋವು" ಎಂದಷ್ಟೇ ಹೇಳುತ್ತೇವೆ.

ಮುಂಬಯಿಯಲ್ಲಿ ಇನ್ನೊಂದು ತೊಡಕಿದೆ. ಮರಾಠಿಯಲ್ಲಿ ದಾಢ ಎಂದರೆ ದವಡೆ ಹಲ್ಲು ಮಾತ್ರ. ಎಲುಬಿಗೆ ಜಬಡಾ ಎನ್ನುತ್ತಾರೆ. ಊರಿನಿಂದ ಬಂದ ಅಜ್ಜಿ "ದವಡೆ ನೋಯ್ತಿದೆ ಮಗಾ" ಎಂದಾಗ, ಮೊಮ್ಮಗ ಡಾಕ್ಟರಿಗೆ "ದಾಢ ದುಖತೇ" ಎಂದುಬಿಟ್ಟರೆ ಅವರು ಹಲ್ಲನ್ನೇ ಹುಡುಕುತ್ತಾರೆ. ಇದು ಬರೀ ಭಾಷೆಯ ತಮಾಷೆಯಲ್ಲ.

ಹಲ್ಲಿನ ನೋವಾದರೆ ತಣ್ಣೀರು, ಸಿಹಿ ತಾಗಿದಾಗ ಜುಮ್ಮೆನ್ನುತ್ತದೆ, ಕಚ್ಚಿದಾಗ ಹೆಚ್ಚುತ್ತದೆ. ಕಿವಿಯ ಮುಂದೆ ನೋವಿದ್ದು, ಬಾಯಿ ತೆರೆದಾಗ "ಟಕ್" ಎಂದರೆ ದವಡೆಯ ಕೀಲಿನ ತೊಂದರೆ ಇರಬಹುದು.

ಹೆಚ್ಚು ಗಮನಿಸಬೇಕಾದದ್ದು ಮೂರನೆಯದು. ರೈಲ್ವೆ ಸ್ಟೇಷನ್ನಿನ ಸೇತುವೆ ಮೆಟ್ಟಿಲು ಹತ್ತುವಾಗ ಕೆಳದವಡೆ ಹಿಡಿದಂತಾಗಿ, ನಿಂತು ಸುಧಾರಿಸಿಕೊಂಡರೆ ಕಡಿಮೆಯಾಗುತ್ತದೆಯೇ? ಅದು ಹೃದಯದ ನೋವಿರಬಹುದು. ಹೃದಯದಿಂದ ಬರುವ ನೋವಿನ ಸಂದೇಶವೂ ದವಡೆಯಿಂದ ಬರುವುದೂ ನರಮಂಡಲದಲ್ಲಿ ಒಂದೆಡೆ ಸೇರುವುದರಿಂದ ಮೆದುಳಿಗೆ ಜಾಗ ತಪ್ಪಿಹೋಗುತ್ತದೆ. ಎದೆನೋವು ಇಲ್ಲದೆಯೂ ಹೀಗಾಗಬಹುದು, ಅದರಲ್ಲೂ ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ. ಇಂಥ ನೋವು ಬಂದುಹೋಗುತ್ತಿದ್ದರೆ ತಡಮಾಡದೆ ಹೃದಯ ತಪಾಸಣೆ ಮಾಡಿಸಿ. ಸುಮ್ಮನೆ ಕೂತಿದ್ದಾಗಲೂ ಬಂದರೆ, ಬಿಡದೆ ಇದ್ದರೆ, ಜೊತೆಗೆ ತಣ್ಣನೆ ಬೆವರು, ಉಸಿರುಕಟ್ಟುವಿಕೆ, ವಾಕರಿಕೆ ಕಂಡರೆ ಲವಂಗದ ಎಣ್ಣೆ ಹಚ್ಚುತ್ತ ಕೂರಬೇಡಿ. ಆಗ ಹಲ್ಲಿನ ಡಾಕ್ಟರ ಹತ್ತಿರ ಹೋಗುವ ಹೊತ್ತಲ್ಲ. 108ಕ್ಕೆ ಫೋನ್ ಮಾಡಿ.

ಹಲ್ಲಿನದೇ ನೋವು ಎಂದು ಖಚಿತವಾದರೆ ಅವಸರವಿಲ್ಲ, ಆದರೆ ಮುಂದೂಡಬೇಡಿ. ಮುಂಬಯಿ ಸೆಂಟ್ರಲ್‌ನ ನಾಯರ್ ದಂತ ಆಸ್ಪತ್ರೆ, ಸಿಎಸ್‌ಎಂಟಿ ಬಳಿಯ ಸರ್ಕಾರಿ ದಂತ ಕಾಲೇಜು ಎರಡೂ ಲೋಕಲ್ ಇಳಿದರೆ ಹತ್ತಿರವೇ. ಕೆನ್ನೆ, ಕುತ್ತಿಗೆ ಊದಿ ಜ್ವರ ಬಂದಿದ್ದರೆ ಮಾತ್ರ ಅಂದೇ ಹೋಗಿ.

ಹಿರಿಯರ ಪರವಾಗಿ ಮಾತಾಡುವವರು ಮೊದಲು ಅವರಿಂದಲೇ ಬೆರಳಿಟ್ಟು ಜಾಗ ತೋರಿಸಿಕೊಳ್ಳಿ. ನೋವು ಬರುವುದು ಉಣ್ಣುವಾಗಲೋ ನಡೆಯುವಾಗಲೋ ಎಂದು ಕೇಳಿ. ಎಲುಬನ್ನು ತೋರಿಸಿದರೆ ಡಾಕ್ಟರಿಗೆ "ಜಬಡಾ" ಎನ್ನಿ.