ರಾಜಿ ಕಾಗದಕ್ಕೆ ಸಹಿ ಹಾಕುವ ಮೊದಲು

ಟಿನ್ ಫ್ಯಾಕ್ಟರಿ ಹತ್ತಿರ ಟೆಂಪೊ ಗುದ್ದಿ ನಿಮ್ಮ ಯಜಮಾನರ ಬಲಗೈ ಮಣಿಕಟ್ಟು ಮುರಿದಿದೆ, ಟೆಂಪೊ ಮಾಲೀಕರು ಆಸ್ಪತ್ರೆ ಬಿಲ್ಲು ಕಟ್ಟಿ ರಾಜಿಗೆ ಸಹಿ ಕೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ಸಹಿ ಬೇಡ ತಾಯಿ. ಬಿಲ್ಲು ಪರಿಹಾರದ ಒಂದು ತುಣುಕು ಅಷ್ಟೇ.

ನಿಮ್ಮ ಯಜಮಾನರು ಶಿವಾಜಿನಗರದಲ್ಲಿ ಟೈಲರ್. ಡಾಕ್ಟರು ಕೈಯ ಊನ ಎಷ್ಟೆಂದು ಬರೆಯುತ್ತಾರೆ. ಆದರೆ ಕತ್ತರಿ ಹಿಡಿಯಲಾಗದ ಟೈಲರ್‌ಗೆ ದುಡಿಮೆ ಎಷ್ಟು ತಪ್ಪಿತು ಎಂಬುದೇ ಮುಖ್ಯ. 2010ರ ರಾಜ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ವಯಸ್ಸು 38, ತಿಂಗಳ ಸಂಪಾದನೆ 20,000, ದುಡಿಮೆ ನಷ್ಟ ಶೇ 20 ಎಂದುಕೊಳ್ಳಿ. ವರ್ಷದ ನಷ್ಟವನ್ನು ಗುಣಿಸುವ ಗುಣಕ ಆ ವಯಸ್ಸಿಗೆ 15. ಲೆಕ್ಕ 7,20,000 ರೂಪಾಯಿಗೆ ನಿಲ್ಲುತ್ತದೆ. ನೋವು, ಚಿಕಿತ್ಸೆ, ಕೆಲಸವಿಲ್ಲದ ತಿಂಗಳುಗಳ ಹಣ ಬೇರೆ.

ಹೆಲ್ಮೆಟ್ ಇರಲಿಲ್ಲ ಎಂಬ ಅಳುಕು ಬಿಡಿ, ಪೆಟ್ಟು ಬಿದ್ದಿರುವುದು ಕೈಗೆ. ಎಫ್‌ಐಆರ್, ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಅಳತೆ ಪುಸ್ತಕ ಎಲ್ಲ ಎತ್ತಿಡಿ. ಆದಾಯ ತೆರಿಗೆ ಕಟ್ಟದವರಿಗೆ ಅಳತೆ ಪುಸ್ತಕವೂ ಸಾಕ್ಷಿಯೇ. ಕೆ.ಆರ್.ಪುರದವರಾದ ನೀವು ಬೆಂಗಳೂರಿನಲ್ಲೇ ಅರ್ಜಿ ಹಾಕಬಹುದು, ಮೇಯೋ ಹಾಲ್‌ನಲ್ಲೂ ಪರಿಹಾರ ನ್ಯಾಯಮಂಡಳಿ ಇದೆ. ಕಾನೂನಿನ ಗಡುವು ಅಪಘಾತದಿಂದ ಆರು ತಿಂಗಳು. ವಕೀಲರು ಪರಿಹಾರದಲ್ಲಿ ಪಾಲು ಕೇಳಿದರೆ ಒಪ್ಪಬೇಡಿ, ಬಾರ್ ಕೌನ್ಸಿಲ್ ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ.