ಬೇರೆಯವರ ಕೂಸು ನಿನ್ನ ಮಡಿಲಿಗೆ ಬರುವ ಮುನ್ನ

ಮಗಳೇ,

ಹೊಳಲ್ಕೆರೆಯ ನಿನ್ನ ಮನೆಯಲ್ಲೇ ನಾಲ್ಕಾರು ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಶುರು ಮಾಡ್ತೀನಿ ಅಂದೆ. ಮಾಡು. ನಮ್ಮ ಕಡೆ ಇದಕ್ಕೆ ದುಡ್ಡು ಕೊಡೋರು ಯಾರು ಅನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡ. ಅಡಿಕೆ ಸುಲಿಯುವ ದಿನಗಳಲ್ಲಿ ಭೀಮಸಮುದ್ರದ ಕಡೆಗೆ ಹೋಗಿ, ಕೂಲಿಗೆ ಬರುವ ತಾಯಂದಿರನ್ನು ನೋಡು. ಚಿತ್ರದುರ್ಗ, ಹಿರಿಯೂರಿನಲ್ಲಿ ಬ್ಯಾಂಕು, ಶಾಲೆ, ಆಸ್ಪತ್ರೆಗೆ ಹೋಗುವ ತಾಯಂದಿರನ್ನು ವಿಚಾರಿಸು. ಊರಿಂದ ಬಂದು ಮಗು ನೋಡಿಕೊಳ್ಳಲು ಅಮ್ಮನೋ ಅತ್ತೆಯೋ ಇಲ್ಲದವಳು ಕೆಲಸ ಬಿಟ್ಟು ಕೂತಿರುತ್ತಾಳೆ. ಅಂಗನವಾಡಿಯಲ್ಲಿ ಕೂರಿಸಿಕೊಂಡು ಕಲಿಸುವುದು ಮೂರು ವರ್ಷ ತುಂಬಿದವರಿಗೆ. ನರೇಗಾ ಕೂಲಿಗೆ ಹೋಗುವವರ ಚಿಕ್ಕ ಮಕ್ಕಳಿಗಾಗಿ ಸರ್ಕಾರ 2023ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರ ಘೋಷಿಸಿತು. ಉಳಿದ ತಾಯಂದಿರಿಗೆ ನಿನ್ನಂಥವರೇ ದಿಕ್ಕು.

ಆದರೆ 'ಎರಡು ಹೆತ್ತು ಸಾಕಿದೀನಿ, ನನಗೇನು ಕಲಿಸ್ತಾರೆ' ಅನ್ನಬೇಡ. ನಿನ್ನ ಮಗು ಯಾಕೆ ಅಳುತ್ತದೆ ಅನ್ನುವುದು ನಿನಗೆ ಗೊತ್ತು, ಪರರ ಕೂಸಿನ ಅಳು ಗೊತ್ತಿಲ್ಲ. ನಿಮ್ಮ ಪಂಚಾಯಿತಿಯಲ್ಲಿ ಕೂಸಿನ ಮನೆ ಇದ್ದರೆ, ಅಲ್ಲಿ ತರಬೇತಿ ಪಡೆದ ಹೆಂಗಸರ ಜೊತೆ ಕೆಲವು ದಿನ ಕೂತು ಬಾ. ಆರೋಗ್ಯ ಕೇಂದ್ರದ ಸಿಸ್ಟರ್ ಹತ್ತಿರ ಒಂದು ವಿಷಯವನ್ನು ಕೈಯಾರೆ ಮಾಡಿ ಕಲಿ: ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡ ಕೂಸನ್ನು ಮುಂಗೈ ಮೇಲೆ ಬೋರಲು ಹಾಕಿ, ತಲೆ ತಗ್ಗಿಸಿ, ಬೆನ್ನಿಗೆ ಹೇಗೆ ತಟ್ಟಬೇಕು ಅನ್ನುವುದನ್ನು. ನಮ್ಮದು ಶೇಂಗಾ ಸೀಮೆ, ಯಾವ ಮನೆಯ ನೆಲದ ಮೇಲೂ ನಾಲ್ಕು ಬೀಜ ಬಿದ್ದಿರುತ್ತವೆ.

ಅದಕ್ಕಿಂತ ದೊಡ್ಡ ಭಯ ನೀರು. ಬರದ ಜಿಲ್ಲೆ ನಮ್ಮದು. ನಲ್ಲಿ ಯಾವತ್ತು ಬರುತ್ತದೋ ಅಂತ ಡ್ರಮ್ಮು, ತೊಟ್ಟಿ, ಸಂಪು, ಬಕೆಟ್ಟು ಎಲ್ಲ ತುಂಬಿಸಿಡುತ್ತೇವೆ. ಅರ್ಧ ಬಕೆಟ್ ನೀರಿಗೆ ತಲೆಕೆಳಗಾಗಿ ಬಿದ್ದ ಒಂದು ವರ್ಷದ ಮಗು ತಾನಾಗಿ ಏಳಲಾರದು, ಕೂಗಲೂ ಆರದು. ಸಂಪಿನ ಮುಚ್ಚಳಕ್ಕೆ ಬೀಗ ಹಾಕಿಸು. ಬಚ್ಚಲಿಗೆ ಹೊರಗಿನಿಂದ, ಮೇಲ್ಗಡೆ, ಚಿಲಕ ಇರಲಿ. ಬಣ್ಣ, ಗೊಂಬೆ, ತೊಟ್ಟಿಲು ಆಮೇಲೆ ಬರಲಿ, ಈ ಖರ್ಚು ಮೊದಲು ಮಾಡು.

ತೆವಳುವ ವಯಸ್ಸಿನವು ಮೂರಕ್ಕಿಂತ ಹೆಚ್ಚು ಬೇಡ, ನೀನೊಬ್ಬಳೇ ಇರುವವಳು. ನಾಲ್ಕನೆಯದು ನಿಮ್ಮ ನೆಂಟರದ್ದೇ ಆದರೂ 'ಆಗಲ್ಲ' ಅನ್ನು. ಪ್ರತಿ ಮಗುವಿನ ತಾಯಿ ಕಾರ್ಡ್ ತರಿಸಿ ಲಸಿಕೆ ನೋಡು. ಜ್ವರ ಬಂದ ದಿನ ಮಗು ಮನೆಯಲ್ಲೇ ಇರಲಿ ಅಂತ ಮೊದಲೇ ಹೇಳಿಬಿಡು. ತಾಯಿ ಬರೆದುಕೊಡದೆ ಯಾವ ಸಿರಪ್ಪನ್ನೂ ಬಾಯಿಗೆ ಹಾಕಬೇಡ. ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬೇಡ, ಅಜ್ಜಿಯರು ಹೇಳಿದರೂ. ಮಗುವನ್ನು ಕರೆದೊಯ್ಯಲು ಯಾರು ಬರಬಹುದು ಅನ್ನುವುದು ಪುಸ್ತಕದಲ್ಲಿ ಇರಬೇಕು. ಹೆಸರಿಲ್ಲದ ಚಿಕ್ಕಪ್ಪ ಬಂದರೆ ತಾಯಿಗೆ ಫೋನ್ ಮಾಡದೆ ಬಾಗಿಲು ತೆಗೆಯಬೇಡ. ಆಂಬ್ಯುಲೆನ್ಸಿನ 108, ಮಕ್ಕಳ ಸಹಾಯವಾಣಿಯ 1098 ಗೋಡೆ ಮೇಲೆ ದೊಡ್ಡದಾಗಿ ಬರೆದಿಡು.

ದುಡ್ಡಿನ ಮಾತಿಗೆ ಸಂಕೋಚ ಬೇಡ. ತಿಂಗಳಿಗೆ ಎಷ್ಟು, ಎಷ್ಟು ಗಂಟೆಯವರೆಗೆ, ತಡವಾದರೆ ಎಷ್ಟು ಅನ್ನುವುದನ್ನು ಮೊದಲ ದಿನವೇ ಬರೆದು ಸಹಿ ಹಾಕಿಸಿಕೋ. 'ಮನೆಯಲ್ಲೇ ಇರ್ತೀಯಲ್ಲ' ಅನ್ನುವವರು ನಿನ್ನ ದುಡಿಮೆಗೆ ಬೆಲೆ ಕಟ್ಟುವುದಿಲ್ಲ, ನೀನೇ ಕಟ್ಟಬೇಕು. ಮುದ್ರಾ ಸಾಲ ಯೋಜನೆಯ ಶಿಶು ವಿಭಾಗದಲ್ಲಿ ಅಡಮಾನವಿಲ್ಲದೆ 50,000 ರೂಪಾಯಿವರೆಗೆ ಸಾಲ ಸಿಗುತ್ತದೆ. ಸಾಲದ ಅವಸರ ಮಾಡಬೇಡ, ಎರಡು ಮಕ್ಕಳಿಂದ ಶುರು ಮಾಡಿ ನೋಡು. ಲೆಕ್ಕ ಬರೆಯುವುದು, ದರ ಕಟ್ಟುವುದು, ಬ್ಯಾಂಕಿನಲ್ಲಿ ಮಾತಾಡುವುದನ್ನು ಚಿತ್ರದುರ್ಗದ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ ವಸತಿ ಸಮೇತ ಉಚಿತವಾಗಿ ಕಲಿಸುತ್ತಾರೆ. ಆಧಾರ್, ರೇಷನ್ ಕಾರ್ಡ್ ಜೆರಾಕ್ಸ್ ಹಿಡಿದು ಈ ಸೋಮವಾರವೇ ಹೋಗಿ, ಮುಂದಿನ ಬ್ಯಾಚ್ ಯಾವಾಗ ಅಂತ ಕೇಳಿಕೊಂಡು ಬಾ.