ಅಂಡಾಣುವಿನ ಬೆಳವಣಿಗೆ: ಬೋಧನಾಭ್ಯಾಸಕ್ಕೊಂದು ಪಾಠ

ತರಗತಿ: 10 | ವಿಷಯ: ಜೀವಶಾಸ್ತ್ರ | ಅವಧಿ: 40 ನಿಮಿಷ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಶಾಲೆಗಳಿಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಈ ಪಾಠವನ್ನು ಸಂಕೋಚದಿಂದ ಬೇಗ ಮುಗಿಸುವುದುಂಟು. ಆದರೆ 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ನಡೆಯುತ್ತಿದ್ದ ಭ್ರೂಣಲಿಂಗ ಪತ್ತೆ ಬಯಲಾಯಿತು. 2024ರಲ್ಲಿ ಪಾಂಡವಪುರದಲ್ಲೂ ಹೆಣ್ಣುಭ್ರೂಣ ಹತ್ಯೆಯ ಪ್ರಕರಣ ವರದಿಯಾಯಿತು. ಹೆಣ್ಣು ಹುಟ್ಟಿದರೆ ತಾಯಿಯನ್ನು ದೂರುವ ಮಾತಿಗೆ ಉತ್ತರ ಇದೇ ಪಾಠದಲ್ಲಿದೆ.

ಪೀಠಿಕೆ
ನಾಟಿಕೋಳಿ ಕೊಯ್ದಾಗ ಒಳಗೆ ಚಿಕ್ಕದರಿಂದ ದೊಡ್ಡದರವರೆಗೆ ಹಳದಿ ಉಂಡೆಗಳ ಗೊಂಚಲು ಕಾಣುತ್ತದೆ. ನೋಡಿದವರಿಂದ ವಿವರಣೆ ಪಡೆಯಿರಿ. ಎಲ್ಲವೂ ಒಟ್ಟಿಗೆ ಏಕೆ ಬಲಿಯುವುದಿಲ್ಲ ಎಂದು ಕೇಳಿ.

ನಿರೂಪಣೆ
1. ಈ ಸಂಖ್ಯೆಗಳನ್ನು ಕಪ್ಪುಹಲಗೆಯಲ್ಲಿ ಇಳಿಮೆಟ್ಟಿಲಿನಂತೆ ಬರೆಯಿರಿ. ಐದು ತಿಂಗಳ ಹೆಣ್ಣುಭ್ರೂಣದಲ್ಲಿ ಅಂಡಾಣುವಾಗಬಲ್ಲ ಕೋಶಗಳು ಸುಮಾರು 60–70 ಲಕ್ಷ. ಹುಟ್ಟುವಾಗ 10–20 ಲಕ್ಷ. ಋತುಮತಿಯಾಗುವಾಗ 3–4 ಲಕ್ಷ. ಜೀವಮಾನದಲ್ಲಿ ಬಿಡುಗಡೆಯಾಗುವುದು ಸುಮಾರು 400. ಅಂದರೆ ನಮ್ಮ ತಾಯಿ ಅಜ್ಜಿಯ ಗರ್ಭದಲ್ಲಿದ್ದಾಗಲೇ ನಾವು ಹುಟ್ಟಿಬಂದ ಅಂಡಾಣುವಿನ ಆರಂಭವಾಗಿತ್ತು.

2. ಪ್ರತಿ ಕೋಶವನ್ನೂ ಸುತ್ತುವರಿದ ಚೀಲವೇ ಪುಟಕ ಅಥವಾ ಫಾಲಿಕಲ್. ಮೊದಲು ಚಪ್ಪಟೆ ಕೋಶಗಳ ಒಂದೇ ಪದರ, ನಂತರ ಹಲವು ಪದರ, ಕೊನೆಗೆ ದ್ರವ ತುಂಬಿದ ಕುಹರ. ಈ ಬೆಳವಣಿಗೆಗೆ ತಿಂಗಳುಗಳೇ ಬೇಕು. ಪ್ರತಿ ಋತುಚಕ್ರದಲ್ಲಿ ಹಲವು ಪುಟಕಗಳು ಬೆಳೆದರೂ ಸಾಮಾನ್ಯವಾಗಿ ಒಂದೇ ಬಲಿತು ಒಡೆಯುತ್ತದೆ, ಉಳಿದವು ನಶಿಸುತ್ತವೆ.

3. ಪುಟಕವೇ ಅಂಡಾಣುವಲ್ಲ. ಬಲಿತ ಪುಟಕ ಸುಮಾರು 20 ಮಿ.ಮೀ., ಅಂಡಾಣು ಸುಮಾರು 0.1 ಮಿ.ಮೀ. 1672ರಲ್ಲಿ ಪುಟಕವನ್ನು ವರ್ಣಿಸಿದ ಡಿ ಗ್ರಾಫ್ ಅದನ್ನೇ ಅಂಡವೆಂದು ಭಾವಿಸಿದ್ದ. ಸಸ್ತನಿಯ ಅಂಡಾಣುವನ್ನು 1827ರಲ್ಲಿ ಗುರುತಿಸಿದವನು ಫಾನ್ ಬೇರ್.

4. ಹುಟ್ಟುವ ಮೊದಲೇ ಆರಂಭವಾದ ಕೋಶವಿಭಜನೆ ಅರ್ಧಕ್ಕೆ ನಿಂತು, ಅಂಡಾಣು ಬಿಡುಗಡೆಗೆ ಸ್ವಲ್ಪ ಮೊದಲು ಮುಂದುವರಿಯುತ್ತದೆ. ಪೂರ್ಣವಾಗುವುದು ವೀರ್ಯಾಣು ಸೇರಿದಾಗ. ತಾಯಿಯ ವರ್ಣತಂತುಗಳು ಎಕ್ಸ್‌ಎಕ್ಸ್. ಹೀಗಾಗಿ ಅಂಡಾಣುವಿಗೆ ಸಿಗುವುದು ಎಕ್ಸ್ ಮಾತ್ರ. ಎಕ್ಸ್ ಅಥವಾ ವೈ ತರುವುದು ತಂದೆಯ ವೀರ್ಯಾಣು.

ಎಚ್ಚರಿಕೆ
ಕೋಳಿಯ ಉದಾಹರಣೆ ಪುಟಕಗಳ ಬೆಳವಣಿಗೆಗೆ ಮಾತ್ರ. ಪಕ್ಷಿಗಳಲ್ಲಿ ಮರಿಯ ಲಿಂಗ ನಿರ್ಧರಿಸುವುದು ಹೆಣ್ಣಿನ ಅಂಡಾಣು, ಮನುಷ್ಯರಲ್ಲಿ ಹಾಗಲ್ಲ. ಇದನ್ನು ಬಿಡಿಸಿ ಹೇಳದಿದ್ದರೆ ಪಾಠ ಹಳೆಯ ದೂರಿಗೇ ಬಲ ಕೊಟ್ಟೀತು. ತಾಯಿಯ ಬದಲು ತಂದೆಯನ್ನು ದೂರುವಂತೆಯೂ ಆಗಬಾರದು: ಯಾವ ವೀರ್ಯಾಣು ಸೇರುತ್ತದೆಂಬುದು ಯಾರ ಆಯ್ಕೆಯೂ ಅಲ್ಲ.

ಮೌಲ್ಯಮಾಪನ
1. ಪುಟಕಕ್ಕೂ ಅಂಡಾಣುವಿಗೂ ಇರುವ ವ್ಯತ್ಯಾಸವೇನು?
2. ಮೂರು ಹೆಣ್ಣುಮಕ್ಕಳ ತಾಯಿಯನ್ನು ನೆರೆಯವರು ದೂರುತ್ತಾರೆ. ವರ್ಣತಂತುಗಳ ಚಿತ್ರ ಬರೆದು ಉತ್ತರಿಸಿ.

ಪಾಠ ವೀಕ್ಷಿಸುವ ಮಾರ್ಗದರ್ಶಕರು ಎರಡನೇ ಪ್ರಶ್ನೆಗೆ ಹುಡುಗರೂ ಹುಡುಗಿಯರೂ ಉತ್ತರಿಸಿದರೇ ಎಂಬುದನ್ನು ಗುರುತು ಮಾಡಿಕೊಳ್ಳಲಿ.